ಹಿತ್ತಲಿಗೆ ನಿಂಬೆಯೋ, ದಾಳಿಂಬೆಯೋ?

ವಿಜಯಪುರದ ಹಿತ್ತಲಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ಮೊದಲು ಕೊಳವೆಬಾವಿಯ ನೀರಿನ ರುಚಿ ನೋಡಿ. ಸವಳು ನೀರನ್ನು ದಾಳಿಂಬೆ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ನಿಂಬೆಗೆ ಅದು ಒಗ್ಗದು. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ನಿಂಬೆಯ ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಎರೆಮಣ್ಣಿನಲ್ಲಿ ನೀರು ನಿಂತರೆ ಎರಡರ ಬೇರೂ ಕೊಳೆಯುತ್ತದೆ. ಏರುಮಡಿ ಮಾಡಿಯೇ ನೆಡಿ.

ಬೇಗ ಫಲ ಬೇಕೆಂದರೆ ದಾಳಿಂಬೆ: ಗೂಟಿ ಸಸಿ (ಗಿಡದಲ್ಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿದ್ದು) 2–3 ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಬೀಜದ ನಿಂಬೆಗೆ 4–5 ವರ್ಷ ಕಾಯಬೇಕು. ಆದರೆ ಕಾಟವೂ ದಾಳಿಂಬೆಗೇ ಹೆಚ್ಚು. ವಾರಗಟ್ಟಲೆ ಒಣಗಿಸಿ ಒಮ್ಮೆಲೇ ನೀರುಣಿಸಿದರೆ ಹಣ್ಣು ಬಿರಿಯುತ್ತದೆ. ಕಾಯಿಕೊರಕಕ್ಕೆ ಹೆದರಿ ಒಂದೊಂದು ಕಾಯಿಗೂ ಚೀಲ ಕಟ್ಟಬೇಕು. ಈ ಸೀಮೆಯ ತೋಟಗಾರರ ನಿದ್ದೆಗೆಡಿಸಿದ ದುಂಡಾಣು ಅಂಗಮಾರಿ ರೋಗಕ್ಕಂತೂ (ಬ್ಯಾಕ್ಟೀರಿಯಾದಿಂದ ಎಲೆ, ಕಾಯಿಗಳ ಮೇಲೆ ಕಪ್ಪು ಚುಕ್ಕೆ ಏಳುವುದು) ಮನೆಮದ್ದಿಲ್ಲ. ನಿಂಬೆಗೆ ಬರುವ ಎಲೆ ತಿನ್ನುವ ಹುಳು ಎಳೆಯದಿರುವಾಗ ಥೇಟ್ ಹಕ್ಕಿಯ ಹಿಕ್ಕೆ. ಗುರುತಿಸಿ ಕೈಯಿಂದ ಆರಿಸಿದರೆ ಸಾಕು. ನಿಂಬೆಗೆ ಮುಳ್ಳಿರುವುದರಿಂದ ಮಕ್ಕಳು ಓಡಾಡುವ ಕಡೆ ಬೇಡ.

ಸಿಹಿನೀರಿದ್ದರೆ ನನ್ನ ಮತ ನಿಂಬೆಗೆ. ತೆಳುಸಿಪ್ಪೆಯ ಕಾಗ್ಜಿ ನಿಂಬೆಯ ಬೀಜದ ಸಸಿಗಳು ಬಹುಪಾಲು ತಾಯಿಗಿಡದ ಗುಣವನ್ನೇ ಉಳಿಸಿಕೊಳ್ಳುತ್ತವೆ. ನಿಂಬೆಗೆ ಹೆಸರಾದ ಇಂಡಿ ಕಡೆ ನೆಂಟರಿದ್ದರೆ ಅವರ ತೋಟದ ಒಳ್ಳೆಯ ಗಿಡದ ಹಣ್ಣನ್ನೇ ಕೇಳಿ ತನ್ನಿ.