ಲೀಫ್‌ನೋಡ್: ಒಂದು ಮನೆಗೆ ಸಾಕಾಗುವ ನ್ಯೂಸ್ ಸರ್ವರ್

2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್‌ನಲ್ಲಿ ಯೂಸ್‌ನೆಟ್‌ನ (ವಿಷಯವಾರು ಗುಂಪುಗಳಲ್ಲಿ ಚರ್ಚೆ ನಡೆಯುವ ಹಳೆಯ ಜಾಲ) ಹೊಸ ಬರಹಗಳು ಸಿಗುತ್ತಿಲ್ಲ. ಕಾಂಪ್.ಲ್ಯಾಂಗ್.ಸಿ (ಸಿ ಭಾಷೆಯ ಚರ್ಚೆ) ಥರದ ಗುಂಪು ಓದಲು ಈಗ ಈ ಬರಹಗಳನ್ನು ಇಟ್ಟು ಹಂಚುವ ನ್ಯೂಸ್ ಸರ್ವರ್ ಮೊರೆ ಹೋಗುವುದು ಒಳ್ಳೆಯದು. ಇಬ್ಬರು ಮೂವರು ಓದುವ ಕಡೆ ಐಎನ್‌ಎನ್‌ನಂಥ ದೊಡ್ಡ ನ್ಯೂಸ್ ಸರ್ವರ್ ತಂತ್ರಾಂಶ ಕೂರಿಸುವುದು ವೃಥಾ ಹೊರೆ. ಅಲ್ಲಿಗೆ ಹೇಳಿ ಮಾಡಿಸಿದ್ದು ಲೀಫ್‌ನೋಡ್. ನೆಟ್ ಇದ್ದಾಗ ಬರಹ ತಂದಿಟ್ಟುಕೊಳ್ಳುತ್ತದೆ, ಇಲ್ಲದಾಗಲೂ ಓದಲು ಕೊಡುತ್ತದೆ, ನೀವು ಬರೆದದ್ದನ್ನು ಮುಂದಿನ ಸಲ ಕಳಿಸುತ್ತದೆ.

ಕಾನ್ಫಿಗ್ ಫೈಲಿಗೆ ಎರಡೇ ಸಾಲು ಕಡ್ಡಾಯ: ಬರಹ ತರಬೇಕಾದ ಸರ್ವರ್ ಹೆಸರು ಮತ್ತು ಎಕ್ಸ್‌ಪೈರ್, ಅಂದರೆ ಬರಹ ಉಳಿಸಿಕೊಳ್ಳುವ ದಿನಗಳು (20 ಇಟ್ಟರೆ ಸರಿ). ಎಟರ್ನಲ್ ಸೆಪ್ಟೆಂಬರ್ ಎಂಬ ನ್ಯೂಸ್ ಸರ್ವರ್‌ನ ಉಚಿತ ಖಾತೆಯಾದರೆ ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಗಳು ಅದೇ ಸರ್ವರ್ ಸಾಲಿನ ಕೆಳಗೇ ಬರಬೇಕು. ಯಂತ್ರದ ಹೆಸರು ಬರೀ ಲೋಕಲ್‌ಹೋಸ್ಟ್ ಆಗಿದ್ದರೆ ಲೀಫ್‌ನೋಡ್ ಶುರುವೇ ಆಗುವುದಿಲ್ಲ. ಇದು ಹಟವಲ್ಲ. ಪ್ರತಿ ಬರಹದ ಗುರುತಾದ ಮೆಸೇಜ್ ಐಡಿಯಲ್ಲಿ ಆ ಹೆಸರು ಸೇರುತ್ತದೆ. ಎರಡು ಯಂತ್ರಗಳಿಂದ ಬಂದ ಬರಹಗಳ ಐಡಿ ಒಂದೇ ಆದರೆ ಎರಡನೆಯ ಬರಹವನ್ನು ಸರ್ವರ್‌ಗಳು ನಕಲು ಎಂದು ಬಿಸಾಡುತ್ತವೆ. ಹಾಗಾಗಿ ಡೊಮೇನ್ ಸಮೇತ ಪೂರ್ತಿ ಹೆಸರು ಕೊಡಿ. ಬಳಿಕ ನಿಮ್ಮ ಯಂತ್ರದ 119ನೇ ಪೋರ್ಟ್‌ಗೆ (ನ್ಯೂಸ್ ಸರ್ವರ್‌ನ ಬಾಗಿಲು) ಟೆಲ್ನೆಟ್ ಆಜ್ಞೆಯಿಂದ ಸಂಪರ್ಕಿಸಿ. 200ರಿಂದ ಶುರುವಾಗುವ ಸಾಲು ಬಂದರೆ ಕೆಲಸ ಮಾಡುತ್ತಿದೆ ಎಂದರ್ಥ.

ಹೊಸಬರು ಮುಗ್ಗರಿಸುವುದು ಮುಂದಿನ ಹೆಜ್ಜೆಯಲ್ಲಿ. ಹೊರಗಿನ ಸರ್ವರ್‌ನಿಂದ ಬರಹ ತರುವ ಆಜ್ಞೆ ಫೆಚ್‌ನ್ಯೂಸ್. ಅದು ಮೊದಲ ಸಲ ಗುಂಪುಗಳ ಪಟ್ಟಿಯನ್ನಷ್ಟೇ ತರುತ್ತದೆ. ಗುಂಪು ತೆರೆದರೆ ಲೀಫ್‌ನೋಡ್ ತಾನೇ ಬರೆದ ಒಂದೇ ಒಂದು ಬರಹ ಕಾಣುತ್ತದೆ. ಕೆಟ್ಟಿದೆ ಎಂದುಕೊಂಡು ಅಳಿಸಬೇಡಿ, ಅದನ್ನು ತೆರೆದು ಓದಿ. ಆ ಗುಂಪಿನಲ್ಲಿ ನಿಮಗೆ ಆಸಕ್ತಿಯಿದೆ ಎಂದು ಗುರುತಾಗುವುದೇ ಹಾಗೆ. ಫೆಚ್‌ನ್ಯೂಸ್ ಇನ್ನೊಮ್ಮೆ ಓಡಿಸಿದರೆ ನಿಜವಾದ ಬರಹಗಳು ಬರುತ್ತವೆ. ಏಳು ದಿನ ಆ ಗುಂಪಿನ ಕಡೆ ತಲೆ ಹಾಕದಿದ್ದರೆ ತರುವುದನ್ನೇ ನಿಲ್ಲಿಸುತ್ತದೆ. ಊರಿಗೆ ಹೋಗುವವರು ಈ ಗಡುವು ನಿಗದಿಪಡಿಸುವ ಟೈಮ್‌ಔಟ್ ಲಾಂಗ್ ಸಾಲನ್ನು 30ಕ್ಕೆ ಏರಿಸಿಕೊಳ್ಳಿ.

ಫೆಚ್‌ನ್ಯೂಸ್ ಗಂಟೆಗೊಮ್ಮೆ, ಹಳೆಯ ಬರಹ ಅಳಿಸುವ ಟೆಕ್ಸ್‌ಪೈರ್ ರಾತ್ರಿಗೊಮ್ಮೆ ಓಡುವಂತೆ, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ಗೆ ಹಾಕಿ. ಟೆಕ್ಸ್‌ಪೈರ್ ಬರಹದ ವಯಸ್ಸಿನ ಜೊತೆಗೆ ಕೊನೆಯದಾಗಿ ಓದಿದ ಸಮಯವನ್ನೂ ನೋಡುತ್ತದೆ. ಬ್ಯಾಕಪ್ ಸಾಫ್ಟ್‌ವೇರ್ ಬರಹಗಳಿರುವ ಸ್ಪೂಲ್ ಡೈರೆಕ್ಟರಿಯನ್ನು ದಿನಾ ಓದುತ್ತಿದ್ದರೆ ಹಳೆಯದು ಅಳಿಯುವುದೇ ಇಲ್ಲ, ಡಿಸ್ಕ್ ತುಂಬುತ್ತಾ ಹೋಗುತ್ತದೆ. ಸ್ಪೂಲನ್ನು ಬ್ಯಾಕಪ್‌ನಿಂದ ಹೊರಗಿಡಿ. ಒಂದು ಬರಹಕ್ಕೆ ಒಂದು ಫೈಲ್ ಆದ್ದರಿಂದ, ಡಿಸ್ಕ್‌ನಲ್ಲಿ ಜಾಗ ಇದ್ದೂ ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ) ಮುಗಿಯಬಹುದು. ಅದನ್ನೂ ಆಗಾಗ ನೋಡಿಕೊಳ್ಳಿ.

ದೊಡ್ಡ ಕೊರತೆ ಒಂದೇ: ಲೀಫ್‌ನೋಡ್‌ನ 1.11 ಸರಣಿಗೆ ಟಿಎಲ್‌ಎಸ್ (ಸಂಪರ್ಕವನ್ನು ಗುಟ್ಟಾಗಿಡುವ ವಿಧಾನ) ಬರುವುದಿಲ್ಲ. ಪಾಸ್‌ವರ್ಡ್ ಬಯಲಲ್ಲಿ ಹೋಗಬಾರದೆಂದರೆ ಸಂಪರ್ಕಕ್ಕೆ ಟಿಎಲ್‌ಎಸ್ ಹೊದಿಸುವ ಸ್ಟನೆಲ್ ತಂತ್ರಾಂಶ ಹಾಕಿ, ಹೊರಗಿನ ಸರ್ವರ್‌ನ 563ನೇ ಪೋರ್ಟ್‌ಗೆ ಜೋಡಿಸಿ.