ಕಮಾನಿನ ಅಳತೆಗೆ ಲಿಬ್ರೆಕ್ಯಾಡ್: ಶಿರಸಿಯ ನಕ್ಷೆ ಮೇಜಿನಿಂದ ಒಂದು ವಿಮರ್ಶೆ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹೊಸ ಮನೆಗಳಲ್ಲಿ ಚಿರೆಕಲ್ಲಿನ ಗೋಡೆಗೆ ಗಾರೆ ಬಳಿಯದೆ ಹಾಗೆಯೇ ಬಿಡುವ, ಬಾಗಿಲು ಕಿಟಕಿಗಳ ಮೇಲೆ ಕಮಾನು ಏರಿಸುವ ಆಸೆ ಮತ್ತೆ ಕಾಣಿಸಿಕೊಂಡಿದೆ. ಕಮಾನೆಂದರೆ ಮೇಸ್ತ್ರಿಗೆ ಸೆಂಟ್ರಿಂಗ್ ಬೇಕು, ಆಚಾರಿಗೆ ದಾರಂದದ ಮೇಲ್ಮರ ಕೊಯ್ಯಲು ಫರ್ಮಾ ಬೇಕು, ಗಾಜಿನವನಿಗೆ ಅದೇ ಬಾಗಿನ ಇನ್ನೊಂದು ಅಳತೆ ಬೇಕು. ಮೂವರೂ ಬೇರೆ ಬೇರೆ ದಿನ ಬೇರೆ ಬೇರೆ ಜಾಗದಲ್ಲಿ ಮಾಡಿದ ಕೆಲಸ ಕೊನೆಗೆ ಒಂದೇ ರಂಧ್ರದಲ್ಲಿ ಕೂರಬೇಕಾದ್ದರಿಂದ, ನಕ್ಷೆಯಲ್ಲಿರುವ ಕಂಸ ಕಣ್ಣಿಗೆ ಚೆಂದ ಕಂಡರೆ ಸಾಲದು, ಅದರ ಕೇಂದ್ರ, ತ್ರಿಜ್ಯ ಮತ್ತು ತುದಿಗಳು ಲೆಕ್ಕಕ್ಕೆ ಸರಿಯಾಗಿ ಸಿಗಬೇಕು. ಸಣ್ಣ ಕಚೇರಿಗಳಲ್ಲಿ ಮನೆ ನಕ್ಷೆಗೆ ಬಳಸಬಹುದಾದ ಲಿಬ್ರೆಕ್ಯಾಡ್ ತಂತ್ರಾಂಶವನ್ನು ಈ ಒಂದೇ ಒರೆಗಲ್ಲಿಗೆ ಹಚ್ಚಿ ಇಲ್ಲಿ ನೋಡಿದ್ದೇನೆ. ಅದರಲ್ಲಿ ಗೋಡೆ, ಅಡಿಪಾಯ, ಸೈಟ್ ಪ್ಲಾನ್ ಎಲ್ಲವನ್ನೂ ಬರೆಯಬಹುದು, ಆದರೆ ನೇರ ಗೆರೆಯನ್ನು ಯಾವ ತಂತ್ರಾಂಶವಾದರೂ ಸರಿಯಾಗಿಯೇ ಎಳೆಯುತ್ತದೆ.

ಲಿಬ್ರೆಕ್ಯಾಡ್ ಎರಡು ಆಯಾಮದ ನಕ್ಷೆಗೆ ಮೀಸಲಾದ ಮುಕ್ತ ತಂತ್ರಾಂಶ. ಕ್ಯೂಕ್ಯಾಡ್ ಎಂಬ ಇನ್ನೊಂದು ನಕ್ಷೆ ತಂತ್ರಾಂಶದ ಕಮ್ಯುನಿಟಿ ಆವೃತ್ತಿಯಿಂದ ಕವಲೊಡೆದು, ಮೊದಲು ಕ್ಯಾಡುಂಟು ಎಂಬ ಹೆಸರಿನಲ್ಲಿದ್ದು, ಆಮೇಲೆ ಈಗಿನ ಹೆಸರಿಗೆ ಬಂತು. ಜಿಪಿಎಲ್ 2ನೇ ಆವೃತ್ತಿಯ ಪರವಾನಗಿಯಲ್ಲಿ ಸಿಗುವುದರಿಂದ ಹಣ ಕೊಡಬೇಕಾಗಿಲ್ಲ, ಮತ್ತು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ನಾನು ನೋಡಿರುವುದು 2.2.0 ಆವೃತ್ತಿಯನ್ನು.

ಕಂಸ ಎಳೆಯಲು ಇದರಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಿವೆ: ಕೇಂದ್ರ, ತ್ರಿಜ್ಯ ಮತ್ತು ಕೋನಗಳನ್ನು ಕೊಡುವುದು, ಮೂರು ಬಿಂದುಗಳನ್ನು ಕೊಡುವುದು, ಇರುವ ಕಂಸಕ್ಕೆ ಏಕಕೇಂದ್ರದ ಇನ್ನೊಂದನ್ನು ಎಳೆಯುವುದು, ಮತ್ತು ಇರುವ ಗೆರೆಯ ತುದಿಯಿಂದ ಸ್ಪರ್ಶಕವಾಗಿ ಹೊರಡುವುದು. ನಮ್ಮ ಕೆಲಸಕ್ಕೆ ಹೆಚ್ಚು ಒದಗುವುದು ಮೂರು ಬಿಂದುಗಳ ದಾರಿ, ಏಕೆಂದರೆ ಆಚಾರಿಯಾಗಲಿ ಮನೆಯ ಯಜಮಾನರಾಗಲಿ ತ್ರಿಜ್ಯವನ್ನು ಎಂದೂ ಹೇಳುವುದಿಲ್ಲ, "ಅಗಲ ನಾಲ್ಕಡಿ, ಮೇಲೆ ಒಂದಡಿ ಎತ್ತಿಬಿಡಿ" ಎನ್ನುತ್ತಾರೆ. ಅದನ್ನು 1200 ಮಿಲಿಮೀಟರ್ ಅಗಲ, 300 ಮಿಲಿಮೀಟರ್ ಏರು ಎಂದು ಇಟ್ಟುಕೊಳ್ಳೋಣ. ಆಜ್ಞೆಯ ಸಾಲಿನಲ್ಲಿ ಮೊದಲು 0,0 ಎಂದೂ ಬಳಿಕ 600,300 ಎಂದೂ ಕೊನೆಗೆ 1200,0 ಎಂದೂ ಬರೆದು ಎಂಟರ್ ಒತ್ತಿದರೆ ಕಂಸ ನಿಲ್ಲುತ್ತದೆ. ಅದರ ಗುಣಗಳ ಕಿಟಕಿಯನ್ನು ತೆರೆದರೆ ಕೇಂದ್ರ 600,-450 ಎಂದು, ತ್ರಿಜ್ಯ 750 ಎಂದು, ಕೋನಗಳು 36.87 ಮತ್ತು 143.13 ಡಿಗ್ರಿ ಎಂದು ತೋರಿಸುತ್ತದೆ. ಕಾಗದದ ಮೇಲೆ ಪರೀಕ್ಷಿಸಬೇಕೆಂದರೆ ಸೂತ್ರ ಸರಳವಾಗಿದೆ: ಅಗಲದ ವರ್ಗವನ್ನು ಏರಿನ ಎಂಟು ಪಟ್ಟಿನಿಂದ ಭಾಗಿಸಿ ಏರಿನ ಅರ್ಧವನ್ನು ಕೂಡಿಸಬೇಕು. ಇಲ್ಲಿ 600ಕ್ಕೆ 150 ಕೂಡಿ 750 ಆಗುತ್ತದೆ. ಇನ್ನು 150 ಮಿಲಿಮೀಟರ್ ದಪ್ಪದ ಮೇಲ್ಮರ ಬೇಕಾದರೆ ಏಕಕೇಂದ್ರದ ಸಲಕರಣೆಯಲ್ಲಿ ಆ ಅಂತರವನ್ನು ಕೊಟ್ಟರೆ 900 ತ್ರಿಜ್ಯದ ಹೊರ ಕಂಸ ಅದೇ ಕೋನಗಳೊಂದಿಗೆ ಬರುತ್ತದೆ. ಒಳಬಾಗಿನ ಉದ್ದ ಸುಮಾರು 1391, ಹೊರಬಾಗಿನದು ಸುಮಾರು 1669 ಮಿಲಿಮೀಟರ್ ಎಂಬುದು ಆಯ್ದ ಗೆರೆಗಳ ಒಟ್ಟು ಉದ್ದ ತೋರಿಸುವ ಮಾಹಿತಿ ಸಲಕರಣೆಯಲ್ಲಿಯೇ ಸಿಗುವುದರಿಂದ, ಬೀಡಿಂಗ್ ಪಟ್ಟಿ ಎಷ್ಟು ಬೇಕೆಂದು ಅಂಗಡಿಗೆ ಹೇಳಲು ಬೇರೆ ಲೆಕ್ಕ ಬೇಕಾಗುವುದಿಲ್ಲ.

ಮೂರು ಬಿಂದುಗಳ ದಾರಿಯಲ್ಲಿ ಒಂದು ಅಪಾಯವಿದೆ, ಮತ್ತು ಅದು ತಂತ್ರಾಂಶದ ದೋಷವಲ್ಲ. ಏರು ಕಡಿಮೆಯಾದಷ್ಟೂ ಅಳತೆಯ ಸಣ್ಣ ತಪ್ಪು ತ್ರಿಜ್ಯದಲ್ಲಿ ದೊಡ್ಡದಾಗುತ್ತ ಹೋಗುತ್ತದೆ. ಮೇಲಿನ ಕಮಾನಿನಲ್ಲಿ ಏರನ್ನು 300ರ ಬದಲು 299 ಎಂದು ಕೊಟ್ಟರೆ ತ್ರಿಜ್ಯ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬದಲಾಗುತ್ತದೆ. ಅದೇ 1200 ಅಗಲಕ್ಕೆ ಏರು ಬರಿಯ 50 ಇದ್ದರೆ ತ್ರಿಜ್ಯ 3625 ಬರುತ್ತದೆ, ಏರನ್ನು 49 ಎಂದರೆ ಅದು ಸುಮಾರು 3698 ಆಗಿಬಿಡುತ್ತದೆ. ಒಂದು ಮಿಲಿಮೀಟರ್ ತಪ್ಪಿಗೆ ತ್ರಿಜ್ಯದಲ್ಲಿ 73 ಮಿಲಿಮೀಟರ್ ವ್ಯತ್ಯಾಸ. ಹಳೆಯ ಮನೆಯ ಚಪ್ಪಟೆ ಕಮಾನನ್ನು ಟೇಪು ಹಿಡಿದು ಅಳೆದುಕೊಂಡು ಬಂದು ನಕ್ಷೆಗೆ ಇಳಿಸುವವರು ಇದನ್ನು ನೆನಪಿಡಬೇಕು. ಅಂಥ ಕಡೆ ತ್ರಿಜ್ಯದ ಅಂಕಿಯನ್ನು ನಂಬಿ ಬೇರೆಡೆ ಮರ ಕೊಯ್ಯಿಸುವುದಕ್ಕಿಂತ, ಕಮಾನಿನ ಮೇಲೆ ಇನ್ನೆರಡು ಬಿಂದುಗಳನ್ನು ಅಳೆದು ತಂದು, ಎಳೆದ ಕಂಸ ಅವುಗಳ ಮೂಲಕ ಹಾಯುತ್ತದೆಯೇ ಎಂದು ನೋಡುವುದು ಮೇಲು. ಹಾಯದಿದ್ದರೆ ಬಹುಶಃ ಹಳೆಯ ಕಮಾನೇ ವೃತ್ತದ ಭಾಗವಲ್ಲ.

ಕರ್ಸರನ್ನು ಬೇಕಾದ ಬಿಂದುವಿಗೇ ಸೆಳೆದು ನಿಲ್ಲಿಸುವ ಸ್ನ್ಯಾಪ್ ವ್ಯವಸ್ಥೆ ಚೆನ್ನಾಗಿದೆ. ತುದಿ, ಮಧ್ಯ, ಕೇಂದ್ರ, ಛೇದ ಬಿಂದುಗಳನ್ನು ಹಿಡಿಯಲು ಪ್ರತ್ಯೇಕ ಗುಂಡಿಗಳಿವೆ. ಫ್ರೀ ಸ್ನ್ಯಾಪ್ ಒತ್ತಿಯೇ ಇದ್ದರೆ ಮಾತ್ರ ಕರ್ಸರ್ ಎಲ್ಲಿ ನಿಂತಿತೋ ಅಲ್ಲಿಗೇ ಬಿಂದು ಬೀಳುತ್ತದೆ, ಪರದೆಯಲ್ಲಿ ಕೂಡಿದಂತೆ ಕಂಡರೂ ದೊಡ್ಡದು ಮಾಡಿ ನೋಡಿದಾಗ ಗೆರೆಗೂ ಕಂಸಕ್ಕೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ನಿಖರತೆ ಬೇಕಾದ ನಕ್ಷೆಯಲ್ಲಿ ಆ ಗುಂಡಿಯನ್ನು ಆರಿಸಿಡುವುದು ಒಳ್ಳೆಯದು.

ಕೊರತೆ ಎಲ್ಲಿ ಕಾಣುತ್ತದೆಂದರೆ, 1982ರಲ್ಲಿ ಮೊದಲು ಹೊರಬಂದ ಆಟೋಕ್ಯಾಡ್‌ನೊಂದಿಗೆ ಹೋಲಿಸಿದಾಗ. ಅಲ್ಲಿ ಕಂಸಕ್ಕೆ ಹನ್ನೊಂದು ದಾರಿಗಳಿವೆ: ಆರಂಭ, ಅಂತ್ಯ ಮತ್ತು ತ್ರಿಜ್ಯ ಕೊಟ್ಟು ಎಳೆಯಬಹುದು, ಆರಂಭ, ಕೇಂದ್ರ ಮತ್ತು ಜ್ಯಾದ ಉದ್ದ ಕೊಟ್ಟು ಎಳೆಯಬಹುದು, ಹಿಂದಿನ ಗೆರೆಯ ತುದಿಯಿಂದ ಮುಂದುವರಿಸಬಹುದು. ಎರಡು ತುದಿ ಮತ್ತು ತ್ರಿಜ್ಯ ಗೊತ್ತಿದ್ದಾಗ 2.2.0 ಲಿಬ್ರೆಕ್ಯಾಡ್‌ನಲ್ಲಿ ಸುತ್ತುದಾರಿ ಹಿಡಿಯಬೇಕು: ಎರಡೂ ತುದಿಗಳಿಂದ ಅದೇ ತ್ರಿಜ್ಯದ ವೃತ್ತಗಳನ್ನು ಎಳೆದು, ಅವು ಕೂಡುವ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು, ಆಮೇಲೆ ಆ ಸಹಾಯಕ ವೃತ್ತಗಳನ್ನು ಅಳಿಸಬೇಕು. ಪ್ರೌಢಶಾಲೆಯ ಕೈವಾರದ ಪಾಠ ಮರೆಯದವರಿಗೆ ಇದು ಕಷ್ಟವಲ್ಲ, ಆದರೆ ದಿನಕ್ಕೆ ಹತ್ತಾರು ಬಾರಿ ಮಾಡಬೇಕಾದರೆ ಬೇಸರ ಬರುತ್ತದೆ. ಇದಕ್ಕೆ ಸ್ವಲ್ಪ ಪರಿಹಾರವೆಂಬಂತೆ, ತ್ರಿಜ್ಯ ಕೇಳುವ ಕಡೆ ಸಂಖ್ಯೆಯ ಬದಲು 1200*1200/(8*300)+300/2 ಎಂದು ಲೆಕ್ಕವನ್ನೇ ಬರೆದರೂ ತಂತ್ರಾಂಶ ಬಿಡಿಸಿಕೊಳ್ಳುತ್ತದೆ. ಈ ಸೌಲಭ್ಯವನ್ನು ನಾನು ಹನ್ನೊಂದು ದಾರಿಗಳಿಗಿಂತ ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಇಲ್ಲಿ ಕ್ಯಾಲ್ಕುಲೇಟರಿನಿಂದ ಅಂಕಿ ಓದಿ ಬರೆಯುವಾಗ ದಶಮಾಂಶ ಬಿಟ್ಟುಹೋಗುವ ಪ್ರಶ್ನೆಯೇ ಬರುವುದಿಲ್ಲ.

ಕಂಸ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಹೊಸಬರನ್ನು ಕಾಡುವ ವಿಷಯ. ಕೋನಗಳನ್ನು ಪೂರ್ವ ದಿಕ್ಕಿನಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎಣಿಸುವುದು ರೂಢಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕ್ಷೆ ಸಾಗಿಸುವ ಡಿಎಕ್ಸ್‌ಎಫ್ ಕಡತದಲ್ಲಿಯೂ ಕಂಸವನ್ನು ಕೇಂದ್ರ, ತ್ರಿಜ್ಯ, ಆರಂಭ ಕೋನ, ಅಂತ್ಯ ಕೋನ ಎಂದು ಅದೇ ಕ್ರಮದಲ್ಲಿ ಬರೆದಿಡಲಾಗುತ್ತದೆ. ಆರಂಭ ಮತ್ತು ಅಂತ್ಯ ಅದಲುಬದಲಾದರೆ ಬೇಕಾದ ತುಂಡಿನ ಬದಲು ವೃತ್ತದ ಉಳಿದ ಭಾಗ ಬಂದು ಕೂರುತ್ತದೆ. ಲಿಬ್ರೆಕ್ಯಾಡ್ ದಿಕ್ಕು ಬದಲಿಸುವ ಗುಂಡಿಯನ್ನು ಸಲಕರಣೆಯ ಆಯ್ಕೆಗಳಲ್ಲಿ ಕಣ್ಣೆದುರಿಗೇ ಇಟ್ಟಿದೆ.

ಸ್ಪರ್ಶಕದ ವಿಷಯದಲ್ಲಿ ಈ ತಂತ್ರಾಂಶಕ್ಕೆ ಪೂರ್ಣ ಅಂಕ ಕೊಡಬಹುದು. ತೋಟದೊಳಗಿನ ರಸ್ತೆಯೋ ಗುಡ್ಡದ ಮೇಲಿನ ಮನೆಗೆ ಹತ್ತುವ ದಾರಿಯೋ ತಿರುಗುವಲ್ಲಿ ನೇರ ಗೆರೆಗೂ ಬಾಗಿಗೂ ನಡುವೆ ಮುರಿತವಿರಬಾರದು. ದೇವಿಮನೆ ಘಟ್ಟದಲ್ಲಿ ವಾಹನ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗೆರೆಗಳನ್ನು ಎಳೆದು, ಮೂಲೆಯನ್ನು ಕಂಸವಾಗಿ ದುಂಡಗಾಗಿಸುವ ಫಿಲೆಟ್ ಸಲಕರಣೆಗೆ ತ್ರಿಜ್ಯವನ್ನು ಹೇಳಿ, ಟ್ರಿಮ್ ಆಯ್ಕೆಯನ್ನು ಗುರುತಿಸಿ, ಎರಡೂ ಗೆರೆಗಳನ್ನು ಮುಟ್ಟಿದರೆ ಸಾಕು, ಹೆಚ್ಚಿನ ಗೆರೆ ಕತ್ತರಿಸಿ ಸರಿಯಾದ ಸ್ಪರ್ಶ ಬಿಂದುವಿನಲ್ಲಿ ಬಾಗು ಆರಂಭವಾಗುತ್ತದೆ. ದಾರಿ 60 ಡಿಗ್ರಿ ತಿರುಗುವಲ್ಲಿ 15 ಮೀಟರ್ ತ್ರಿಜ್ಯ ಕೊಟ್ಟರೆ, ಮೂಲೆಯಿಂದ ಸ್ಪರ್ಶ ಬಿಂದುವಿಗೆ 8.66 ಮೀಟರ್, ಬಾಗಿನ ಉದ್ದ 15.71 ಮೀಟರ್ ಬರಬೇಕು. ಲಿಬ್ರೆಕ್ಯಾಡ್‌ನಲ್ಲಿ ಅಳೆದರೆ ಅಷ್ಟೇ ಬರುತ್ತದೆ, ಮತ್ತು ಜಾಗದಲ್ಲಿ ಗೂಟ ಹೊಡೆಯುವವನಿಗೆ ಬೇಕಾದದ್ದು ಈ ಎರಡೇ ಅಂಕಿಗಳು.

ಆದರೆ ಒಮ್ಮೆ ಎಳೆದ ಮೇಲೆ ಆ ಸಂಬಂಧ ನೆನಪಿನಲ್ಲಿ ಉಳಿಯುವುದಿಲ್ಲ. ಮನೆಯವರು ಬಂದು ಗೇಟನ್ನು ಆಚೆ ಸರಿಸಿ ಎಂದರೆ ಗೆರೆ ಸರಿಯುತ್ತದೆ, ಕಂಸ ಇದ್ದಲ್ಲಿಯೇ ಇರುತ್ತದೆ, ಎಲ್ಲವನ್ನೂ ಅಳಿಸಿ ಮತ್ತೆ ಫಿಲೆಟ್ ಮಾಡಬೇಕು. ಫ್ರೀಕ್ಯಾಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಗೆರೆ ಎಳೆಯುವ ಭಾಗವಾದ ಸ್ಕೆಚರ್ ಇದಕ್ಕೆ ಭಿನ್ನವಾದದ್ದು. ಅಲ್ಲಿ ಕಂಸಕ್ಕೂ ಗೆರೆಗೂ ಸ್ಪರ್ಶಕದ ನಿರ್ಬಂಧ ಹಾಕಿಟ್ಟರೆ, ಅಗಲದ ಒಂದು ಅಂಕಿಯನ್ನು ಬದಲಿಸಿದಾಗ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಒಂದೇ ವಿನ್ಯಾಸದ ಕಿಟಕಿಯನ್ನು ಬೇರೆ ಬೇರೆ ಅಗಲದಲ್ಲಿ ಮಾಡಿಕೊಡುವ ಮರದ ಕಾರ್ಖಾನೆಯವರು 2024ರಲ್ಲಿ ಬಂದ ಫ್ರೀಕ್ಯಾಡ್ 1.0 ಅಥವಾ ಅದರ ಮುಂದಿನ ಆವೃತ್ತಿಯನ್ನು ಕಲಿಯುವುದೇ ಲೇಸು. ಕಲಿಕೆಯ ಏರು ಮಾತ್ರ ಕಡಿದಾಗಿದೆ.

ಸ್ಪ್ಲೈನ್ ಬಗ್ಗೆ ಒಂದು ಮಾತು. ಬಾಗಿದ ಗೆರೆ ಬೇಕೆಂದಾಗ ಕೆಲವರು ಸ್ಪ್ಲೈನ್, ಅಂದರೆ ಕೊಟ್ಟ ಹಲವು ಬಿಂದುಗಳಿಗೆ ಹೊಂದಿಕೊಂಡು ನುಣುಪಾಗಿ ಬಾಗುವ ಗೆರೆ, ಎಳೆದುಬಿಡುತ್ತಾರೆ. ನೋಡಲು ಅದೂ ಕಮಾನಿನಂತೆಯೇ ಇರುತ್ತದೆ, ಆದರೆ ಅದಕ್ಕೆ ಒಂದು ಕೇಂದ್ರವಿಲ್ಲ, ಒಂದು ತ್ರಿಜ್ಯವಿಲ್ಲ, ಹೀಗಾಗಿ ಮೊಳೆ ಹೊಡೆದು ದಾರ ಕಟ್ಟಿ ಗೆರೆ ಎಳೆಯುವ ಆಚಾರಿಗೆ ಆ ನಕ್ಷೆಯಿಂದ ಏನೂ ಉಪಯೋಗವಿಲ್ಲ. ದೋಣಿಯ ಮೈಯ ಬಾಗು ಬೇರೆ ಮಾತು, ಅದು ವೃತ್ತದ ಭಾಗವಲ್ಲ. ಹೊನ್ನಾವರ ಕಾರವಾರಗಳ ದೋಣಿ ಕೆಲಸಕ್ಕೆ ನಕ್ಷೆ ಮಾಡುವವರು ಈ ವಿಮರ್ಶೆಯನ್ನು ತಮಗೆ ಅನ್ವಯಿಸಿಕೊಳ್ಳಬೇಕಾಗಿಲ್ಲ.

ಕಂಸವು ತಂತ್ರಾಂಶದೊಳಗೆ ಎಷ್ಟೇ ನಿಖರವಾಗಿದ್ದರೂ ಹೊರಗೆ ಹೋಗುವಾಗ ಕೆಡಬಹುದು. ಕಂಪ್ಯೂಟರಿನ ಆಜ್ಞೆಯಂತೆ ಕೊಯ್ಯುವ ಸಿಎನ್‌ಸಿ ಯಂತ್ರವಿರುವ ಒಂದು ಅಂಗಡಿಗೆ ಕಳಿಸಿದ ಕಮಾನು, ಅಲ್ಲಿಯ ಯಾವುದೋ ಪರಿವರ್ತನೆಯಲ್ಲಿ ಸಣ್ಣ ಸಣ್ಣ ನೇರ ತುಂಡುಗಳಾಗಿ ಒಡೆದು, ಕೊಯ್ದ ಮರದ ಅಂಚಿನಲ್ಲಿ ಮೂಲೆ ಮೂಲೆಗಳಾಗಿ ಕೈಗೆ ತಗುಲಿತ್ತು. ಲೆಕ್ಕ ಹೀಗಿದೆ: 750 ತ್ರಿಜ್ಯದ ಕಂಸವನ್ನು ಹತ್ತು ಹತ್ತು ಡಿಗ್ರಿಯ ತುಂಡು ಮಾಡಿದರೆ ಪ್ರತಿ ತುಂಡಿನ ನಡುವೆ ನಿಜವಾದ ಬಾಗಿನಿಂದ ಸುಮಾರು 2.85 ಮಿಲಿಮೀಟರ್ ಒಳಗೆ ಬೀಳುತ್ತದೆ, ಒಂದೊಂದು ಡಿಗ್ರಿಯ ತುಂಡಾದರೆ 0.03 ಮಿಲಿಮೀಟರ್ ಮಾತ್ರ. ಸಿಎನ್‌ಸಿ ಯಂತ್ರಗಳ ಭಾಷೆಯಲ್ಲಿ ಜಿ02, ಜಿ03 ಎಂಬ ಆಜ್ಞೆಗಳೇ ಕಂಸಕ್ಕಾಗಿ ಇರುವುದರಿಂದ ಒಡೆಯಬೇಕಾದ ಅಗತ್ಯ ಬಹಳ ಸಲ ಇರುವುದಿಲ್ಲ. ಕಂಸವನ್ನು ಕಂಸವಾಗಿಯೇ ಓದಿಸಿ ಎಂದು ಮೊದಲೇ ಹೇಳಿಡಬೇಕು. ಲಿಬ್ರೆಕ್ಯಾಡ್ ಡಿಎಕ್ಸ್‌ಎಫ್‌ನ ಹಳೆಯ ಹೊಸ ಹಲವು ಆವೃತ್ತಿಗಳಲ್ಲಿ ಉಳಿಸಿಕೊಡುತ್ತದೆ, ಬಿಡಿ ಗೆರೆ ಕಂಸಗಳನ್ನು ಒಂದು ಪಾಲಿಲೈನ್ ಆಗಿ ಜೋಡಿಸುವ ಸಲಕರಣೆಯೂ ಅದರಲ್ಲಿದೆ. ಆಟೋಕ್ಯಾಡ್‌ನ ಸ್ವಂತ ಕಡತ ರೂಪವಾದ ಡಿಡಬ್ಲ್ಯೂಜಿಯಲ್ಲಿ ಮಾತ್ರ ಅದು ಉಳಿಸುವುದಿಲ್ಲ. ಎಂಜಿನಿಯರರು ಅದೇ ಬೇಕೆಂದು ಹಟ ಹಿಡಿದರೆ ಬೇರೆ ಪರಿವರ್ತಕದ ಮೊರೆ ಹೋಗಬೇಕಾಗುತ್ತದೆ. ನಕ್ಷೆಯ ಏಕಮಾನವನ್ನು ಮಿಲಿಮೀಟರ್ ಎಂದು ಮೊದಲೇ ಗೊತ್ತುಮಾಡಿರಬೇಕು, ಇಲ್ಲದಿದ್ದರೆ ಇಂಚು ಎಂದು ಓದುವ ಕಡೆ ಬಾಗಿಲು 25.4 ಪಟ್ಟು ದೊಡ್ಡದಾಗಿ ತೆರೆದುಕೊಳ್ಳುತ್ತದೆ.

ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಇದು ಹಗುರವಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟಿನ ಜೊತೆಗೆ ನೆಟ್ಟೂ ಹೋಗುವ ನಮ್ಮ ಕಡೆಗೆ, ಲಾಗಿನ್ ಕೇಳದ, ಆಗಾಗ ತಾನೇ ಉಳಿಸಿಕೊಳ್ಳುವ ತಂತ್ರಾಂಶ ದೊಡ್ಡ ಅನುಕೂಲ.

ಮುದ್ರಣ ಒಂದಕ್ಕೊಂದು ಪ್ರಮಾಣದಲ್ಲಿ ಸಾಧ್ಯವಿದೆ, ಆದರೆ ಘಟ್ಟದ ಕೆಳಗಿನ ಜೂನ್ ತಿಂಗಳ ತೇವದಲ್ಲಿ ಕಾಗದ ಹಿಗ್ಗುವುದರಿಂದ ಅದನ್ನೇ ಫರ್ಮಾ ಎಂದು ಮರಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಕಮಾನಿನ ತಳಗೆರೆಯ ಮೇಲೆ ನಡುವಿನಿಂದ 100 ಮಿಲಿಮೀಟರಿಗೊಂದರಂತೆ ಲಂಬ ಗೆರೆಗಳನ್ನು ನಿಲ್ಲಿಸಿ, ಕಂಸಕ್ಕೆ ಟ್ರಿಮ್ ಮಾಡಿ, ಪ್ರತಿಯೊಂದರ ಎತ್ತರವನ್ನು ಬರೆದುಕೊಡುವುದು ಒಳ್ಳೆಯದು. ಮೇಲೆ ಹೇಳಿದ ಕಮಾನಿಗೆ ನಡುವೆ 300, ಅಲ್ಲಿಂದ ಎರಡೂ ಬದಿಗೆ 293.3, 272.8, 237.4, 184.4, 109.0, ಕೊನೆಗೆ ಸೊನ್ನೆ. ಆಚಾರಿಗೆ ಮೂಲೆಮಟ್ಟ, ಟೇಪು ಮತ್ತು ಬಾಗುವ ಒಂದು ರೀಪು ಇದ್ದರೆ ಪ್ಲೈವುಡ್ ಮೇಲೆ ಆ ಬಿಂದುಗಳನ್ನು ಗುರುತಿಸಿ ಗೆರೆ ಕೂಡಿಸಿಕೊಳ್ಳುತ್ತಾನೆ.