50 ಎಂಎಂ ಪ್ರೈಮಾ, 18-55 ಝೂಮಾ?

ಉಡುಪಿಯಲ್ಲಿ ಕಿರುಚಿತ್ರಕ್ಕೆ ಯಾವ ಲೆನ್ಸ್ ಅಂತ ಕೇಳಿದ್ದೀರಿ. ಖರ್ಚಿನ ಮಾತು ಸುಲಭ: ದೃಶ್ಯವನ್ನು ಹತ್ತಿರ-ದೂರ ಮಾಡಬಲ್ಲ 18-55 ಝೂಮ್ ಸಾಮಾನ್ಯವಾಗಿ ಕ್ಯಾಮೆರಾ ಜೊತೆಗೇ ಬರುತ್ತದೆ, ಹಾಗೆ ಮಾಡಲಾಗದ 50 ಎಂಎಂ ಎಫ್/1.8 ಪ್ರೈಮ್ ಬೇರೆ ಕೊಳ್ಳಬೇಕು.

ಬೆಳಕಿನ ಕಥೆಯೇ ಬೇರೆ. ರಾತ್ರಿ ಯಕ್ಷಗಾನದ ಚೌಕಿ (ವೇಷ ಕಟ್ಟುವ ಜಾಗ), ಒಂದೇ ಬಲ್ಬು, ವೇಷಧಾರಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆಯುತ್ತಿದ್ದಾರೆ. ಝೂಮನ್ನು 55ಕ್ಕೆ ತಿರುಗಿಸಿದರೆ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಹೆಚ್ಚೆಂದರೆ ಎಫ್/5.6; ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 1.8ರಲ್ಲಿ ಪ್ರೈಮ್ ಅದರ ಒಂಬತ್ತು-ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೆ ಕಿಂಡಿ ಅಷ್ಟು ತೆರೆದರೆ ಫೋಕಸ್ ಸಿಗುವ ಜಾಗ ತೀರಾ ಕಡಿಮೆ, ತಲೆ ಚೂರು ಬಾಗಿದರೂ ಕಣ್ಣು ಮಸುಕು! ನನ್ನದೊಂದು ಶಾಟ್ ಹೀಗೇ ಹಾಳಾಯಿತು, ಈಗ 2.8ರಲ್ಲಿ ತೆಗೆಯುತ್ತೇನೆ. ಚಿಕ್ಕ ಅಳತೆಯ ಕ್ರಾಪ್ ಸೆನ್ಸರ್‌ನಲ್ಲಿ 50 ಅಂದರೆ ಹೆಚ್ಚುಕಮ್ಮಿ 75ರ ಇಕ್ಕಟ್ಟಾದ ನೋಟ. ಚೌಕಿ ಇಡೀ ಹಿಡಿಯಲು ಹಿಂದೆ ಜಾಗ ಬೇಕಲ್ವಾ?

ಮಲ್ಪೆ ಬಂದರಿನಲ್ಲಿ ಬೆಳಗ್ಗೆ ಮೀನು ಇಳಿಸುವಾಗ ಝೂಮೇ ಸರಿ. ಬೆಳಕು ಧಾರಾಳ, ಬೋಟೂ ಬೇಕು, ಬುಟ್ಟಿಯೂ ಬೇಕು, ಉಪ್ಪುಗಾಳಿಯಲ್ಲಿ ಸುಮ್ನೆ ಲೆನ್ಸ್ ಬಿಚ್ಚುವ ಹಾಗಿಲ್ಲ.